ಬೂದಿ ಸೋಕದ ಅಣಬೆ

ಎಂಬತ್ತರ ದಶಕದ ಒಂದು ಮಳೆಗಾಲ. ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ತಿರ್ಲಾಪುರದ ಮನೆಗೆ ಬಂದಿದ್ದೆ. ಆ ಸೋಮವಾರ ಕಾಕಾ ಹೊಲದ ತಿಪ್ಪೆಯ ಬಾಜು ಎದ್ದಿದ್ದ ಒಂದು ಹಿಡಿ ಅಣಬೆ ಕಿತ್ತು ತಂದರು. ಅಣ್ಣನ ಹೆಂಡತಿ, ನಮ್ಮ ವೈನಿ, ಪಲ್ಯ ಮಾಡಿದರು. ಸ್ವಲ್ಪವೇ ಇದ್ದುದರಿಂದ ಕಾಕಾ ಒಬ್ಬರೇ ತಿಂದರು. ತಾಸಿನೊಳಗೆ ಗೋಡೆ ನೋಡಿ ನಗತೊಡಗಿದರು.

"ಗ್ವಾಡಿ ಉಸುರು ಬಿಡಾಕತ್ತೈತಿ ನೋಡಲೇ," ಎಂದರು.

ಮರುದಿನ ಕಾಕಾ ಸರಿಹೋದರು. ಕಷ್ಟ ಬಂದದ್ದು ವೈನಿಗೆ.

"ವರ್ಷಾ ಅಣಬಿ ತಿಂತೀವಿ, ಯಾರಿಗೇನಾಗೈತಿ? ಈಕಿನ ಮದ್ದು ಹಾಕ್ಯಾಳ," ಎಂದಳು ಅವ್ವ. ಊಟದಲ್ಲಿ ಮದ್ದು ಬೆರೆಸಿದಳೆಂಬ ಮಾತು ನಮ್ಮ ಕಡೆ ಒಮ್ಮೆ ಅಂಟಿದರೆ ಸೊಸೆಯನ್ನು ಬಿಡುವುದಿಲ್ಲ. ವೈನಿ ಒಲೆ ಮುಟ್ಟುವುದು ಬಂದ್ ಆಯಿತು. ಬರುವ ನಾಗಪಂಚಮಿಗೆ ತವರೂರು ಸಂಶಿಗೆ ಹೋದರೆ ಮರಳಿ ಬರದೆ ಅಲ್ಲೇ ಇರಲಿ ಎಂದು ಅವ್ವ ತೀರ್ಮಾನಿಸಿದಳು. ಅಣ್ಣ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದ.

ನಾನು ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವವನು. ಇದನ್ನೂ ಲೆಕ್ಕಕ್ಕೆ ತರಬಹುದೆಂಬ ಧೈರ್ಯವಿತ್ತು. ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರನ್ನು ಕಂಡೆ. ಅಮಲು ಅಣಬೆಯದೇ ಆದರೆ ಎಷ್ಟಿದೆ ಎಂದು ನೋಡೋಣ, ಆದರೆ ಮಾದರಿ ಶುದ್ಧವಿರಬೇಕು ಎಂದರು. ತೊಳೆಯದೆ ಮಣ್ಣು ಉದುರಿಸಬೇಕು, ಬಿಸಿಲು ತಾಗಿಸದೆ ಪಟ್ಟನೆ ಮುರಿಯುವಷ್ಟು ಒಣಗಿಸಬೇಕು, ದೊಡ್ಡದು ಸಣ್ಣದೆನ್ನದೆ ಎಲ್ಲ ಸೇರಿಸಿ ಪುಡಿ ಮಾಡಬೇಕು. ಒಂದನ್ನೇ ಆರಿಸಿ ತಂದರೆ ಅದು ಉಳಿದವುಗಳ ಪರವಾಗಿ ಮಾತನಾಡುವುದಿಲ್ಲ.

ಅದೇ ತಿಪ್ಪೆಯ ಅಣಬೆ ತಂದು ಅಟ್ಟದ ಮೇಲೆ ಕಾಗದದಲ್ಲಿ ಹರಡಿದೆ. ಮೂರನೆಯ ದಿನ ನೋಡಿದರೆ ಎಲ್ಲವೂ ಬೂದುಬಣ್ಣ. ಹೆಸರುಕಾಳಿಗೆ ಹಚ್ಚುವಂತೆ ಅವ್ವ ಒಲೆಯ ಬೂದಿ ಹಚ್ಚಿದ್ದಳು.

"ಹುಳಾ ಬೀಳತಾವಂತ ಹಚ್ಚೀನಿ. ನಿನ್ನ ಮಾಸ್ತರಗ ಹುಳಾ ತಿನ್ನಿಸ್ತೀಯೇನು?"

"ಬೂದಿ ತೂಕಕ್ಕ ಬರ್ತೈತಿ ಬೇ. ಅಮಲು ಇದ್ರೂ ಕಡಿಮಿ ಕಾಣತೈತಿ."

ತೊಳೆದರೆ ಸತ್ವವೂ ಹೋದೀತು. ಎಲ್ಲವನ್ನೂ ಚೆಲ್ಲಿದೆ. ಮತ್ತೊಂದು ಮಳೆಗೆ ಕಾಯಬೇಕಾಯಿತು. ಪಂಚಮಿ ಹತ್ತಿರ ಬರುತ್ತಿತ್ತು. ಮಳೆ ಬಂತು. ಮತ್ತೆ ಎದ್ದ ಅಣಬೆಯನ್ನು ಈ ಸಲ ಪಡಸಾಲೆಯ ನೆರಳಲ್ಲಿ ಹರಡಿದೆ; ಬಾಯಿ ಹಾಕದಂತೆ ಅವ್ವನೇ ಕೋಲು ಹಿಡಿದು ಕೋಳಿ ಅಟ್ಟಿದಳು. ಅಮಲು ಅಣಬೆಯದೇ ಎಂದು ನನಗೆಷ್ಟು ಭರವಸೆಯಿತ್ತೋ, ಮದ್ದು ಸಾಬೀತಾಗುತ್ತದೆ ಎಂದು ಆಕೆಗೂ ಅಷ್ಟೇ ಭರವಸೆ.

ಪುಡಿಯನ್ನು ಕಾಗದದ ಪೊಟ್ಟಣ ಕಟ್ಟಿ ಕೊಟ್ಟು ಬಂದೆ. ವಾರದ ಮೇಲೆ ಹೋದಾಗ ಮೇಷ್ಟ್ರು ಹೇಳಿದರು: ಅಮಲಿನ ಪದಾರ್ಥ ಅಣಬೆಯಲ್ಲೇ ಇದೆ, ಒಂದು ಹಿಡಿ ತಿಂದವನಿಗೆ ಗೋಡೆ ಅಲುಗಾಡಲು ಸಾಕು.

ಮನೆಗೆ ಬಂದು ಎಲ್ಲರೆದುರು ಅದನ್ನೇ ಹೇಳಿದೆ. ಕಾಕಾ ತಲೆ ಕೆರೆದುಕೊಂಡರು.

"ಒಂದೀಟು ಉಳದಾವೇನಲೇ?"

"ಸುಮ್ನ ಕುಂಡ್ರೋ ನೀನು," ಎಂದ ಅವ್ವ ನನ್ನತ್ತ ತಿರುಗಿದಳು. "ಹಂಗಾರ ಒಲಿ ಹಚ್ಚಂತ ಹೇಳು ಆಕಿಗಿ."

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ವೈನಿ ಮೊರ ಕೆಳಗಿಡಲಿಲ್ಲ.

"ಬಂದ್ ಮಾಡಿದವ್ರು ನೀವ್ರಿ ಅತ್ತಿ. ಕರಿಯೂದೂ ನೀವ ಕರೀರಿ."

ಅವ್ವ ಮೊಣಕಾಲಿಗೆ ಕೈಯೂರಿ ಎದ್ದು ಹೋಗಿ, ವೈನಿಯ ಕೈಯಿಂದ ಮೊರ ತೆಗೆದುಕೊಂಡಳು.

"ಏಳವಾ. ರೊಟ್ಟಿಗಿ ಹೊತ್ತಾತು."

ವೈನಿ ಎದ್ದರು.