ಹುಸೇನಸಾಬರ ಕೈಗೆ ರೊಟ್ಟಿ

ಗೆಳೆಯರೇ, ಇವತ್ತು ಬೆಳಿಗ್ಗೆ ಚಿಗರಿ, ಅಂದರೆ ಜಿಂಕೆ, ನೋಡಲು ಬಂದ ಮಕ್ಕಳ ಮುಂದೆಯೇ ಹೊಲದ ಒಡೆಯರು ಚಿಗರಿಗಳನ್ನು ಓಡಿಸಿಬಿಟ್ಟರು. ಕಾಡುಪ್ರಾಣಿಗಳೆಂದರೆ ಜೀವ ಬಿಡುವ ನಮ್ಮ ಸಿಂದಗಿ ಶಾಲೆಯ ಮಕ್ಕಳನ್ನು ನಿನ್ನೆ ಚಕ್ಕಡಿಯಲ್ಲಿ ದೇವಣಗಾಂವಕ್ಕೆ ಕರೆತಂದು, ಹುಸೇನಸಾಬರ ಹೊಲದಲ್ಲೇ ತಂಗಿದ್ದೆವು. ಬೆಳಕು ಹರಿಯುವಾಗ ಹಿಂಡು ಬಾವಿ ಪಕ್ಕದ ಶೇಂಗಾಕ್ಕೆ ಬಂತು. ಮಕ್ಕಳು ಉಸಿರು ಬಿಗಿಹಿಡಿದರು. ಸಾಬರು ಎದ್ದವರೇ "ಹೋಯ್!" ಎಂದು ಕವಣೆ ಬೀಸಿದರು. ಹಿಂಡು ಮಾಯ.

"ಏನ್ ಮಾಡಿದ್ರಿ ಮಾಮಾ! ರಾತ್ರಿಯೆಲ್ಲಾ ಇದಕ್ಕ ಕಾದೀವಿ," ಎಂದಳು ಏಳನೆಯ ತರಗತಿಯ ಶಾಂತಾ. ಅಳುವುದೊಂದೇ ಬಾಕಿ.

"ಕೈ ನನ್ ಮಾತ್ ಕೇಳ್ಲಿಲ್ಲ ತಂಗಿ. ದಿನಾ ಅದಕ್ಕ ಇದ ಕೆಲಸ ಐತಿ."

ಶಾಂತಾ ಕವಣೆ ಕಸಿದುಕೊಂಡು, ಅವರ ಎರಡೂ ಕೈಗೆ ಒಂದೊಂದು ಖಡಕ್ ರೊಟ್ಟಿ ಕೊಟ್ಟಳು. "ಇವನ್ನ ಹಿಡಕೊಂಡ್ ಸುಮ್ನ ಕೂಡ್ರಿ."

ಸ್ವಲ್ಪ ಹೊತ್ತಿಗೆ ಹಿಂಡು ಮರಳಿತು. ಮಕ್ಕಳು ಚಿಗರಿಗಳ ಕೋಡು ನೋಡುತ್ತಿದ್ದರು, ಸಾಬರು ಅವುಗಳ ಬಾಯಿ ನೋಡುತ್ತಿದ್ದರು. ಕೊನೆಗೆ ಪಿಸುಗುಟ್ಟಿದರು: "ಕಣ್ತುಂಬ ನೋಡಿದ್ರಿಲ್ಲ? ಇನ್ನ ಒದರ್ಲೇನು?"

"ಇನ್ನೊಂದ್ ಸ್ವಲ್ಪ ತಡೀರಿ ಮಾಮಾ."

ತಡೆದರು. ಹಿಂಡು ತಾನಾಗಿ ಹೋದ ಮೇಲೆ ನೋಡಿದರೆ, ಅವರ ಕೈಯಲ್ಲಿದ್ದ ರೊಟ್ಟಿ ಪುಡಿಪುಡಿಯಾಗಿತ್ತು.