ಅಜ್ಜನ ಸಾದಾ ರಿವಾಲ್ವರ್

ಚುನಾವಣೆ ಬಂತೆಂದರೆ ನಮ್ಮ ಸುಳ್ಯದ ಕಡೆ ಲೈಸೆನ್ಸ್ ಇದ್ದವರೆಲ್ಲ ಕೋವಿ, ರಿವಾಲ್ವರ್‌ಗಳನ್ನು ಠಾಣೆಗೆ ಒಪ್ಪಿಸಬೇಕು. ನಿನ್ನೆ ಹೊರಡುವ ಮುಂಚೆ, ಅಜ್ಜನಿಂದ ನನಗೆ ಬಂದ ರಿವಾಲ್ವರನ್ನು ಒರೆಸುತ್ತಿದ್ದಾಗ ಹೊಲಿಗೆ ಮೆಷಿನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಳೆಯ ಸಿಟ್ಟೂ ಅದರ ಜೊತೆಗೇ ಬಂತು.

ಪ್ರತಿ ಭಾನುವಾರ ಅಜ್ಜ ಅದನ್ನು ಮೈ ಒರೆಸುವ ಹಳೆ ಬೈರಾಸಿನ ಮೇಲೆ ಬಿಚ್ಚಿಟ್ಟು, ಅದೇ ಎಣ್ಣೆ ಹಾಕಿ ಒರೆಸುತ್ತಿದ್ದರು. ಕೆತ್ತಿದ ಹೂವಿಲ್ಲ, ಬಳ್ಳಿಯಿಲ್ಲ, ಬರಿಯ ಕಪ್ಪು ಕಬ್ಬಿಣ. ಹಿಡಿಯ ಮರ ಅವರ ಅಂಗೈಗೆ ಸವೆದು ನುಣುಪಾಗಿತ್ತು. ಗುಂಡು ತುಂಬುವ ಚಕ್ರವನ್ನು ಬೆರಳಲ್ಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ಆರು ಸಲ ಕೇಳುತ್ತಿತ್ತು. ಅಷ್ಟು ಚಂದದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಪಕ್ಕದ ಮನೆಯ ಧನಿಗಳದ್ದು ಬೆಳ್ಳಿ ಕೆತ್ತನೆಯ ರಿವಾಲ್ವರ್. ನೆಂಟರಿಗೆ ತೋರಿಸಲಿಕ್ಕೆಂದು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಒಮ್ಮೆ ಠಾಣೆಯ ಸಾಲಿನಲ್ಲಿ ಅವರು ಅಜ್ಜನದ್ದನ್ನು ಎರಡು ಬೆರಳಲ್ಲಿ ಎತ್ತಿ, "ಇದೆಂತ ಮಾರಾಯ್ರೆ, ಗುಜರಿಯಿಂದ ತಂದದ್ದಾ?" ಎಂದರು. ಎಲ್ಲರೂ ನಕ್ಕರು. ಅಜ್ಜನೂ ನಕ್ಕರು. ಆಮೇಲೆ ಹಿಡಿದಿದ್ದ ನನ್ನ ಪುಟ್ಟ ಕೈಯನ್ನು ಬಿಟ್ಟು, ರಿವಾಲ್ವರನ್ನು ವಾಪಸ್ ತೆಗೆದುಕೊಂಡು, ಧನಿಗಳ ಬೆರಳು ತಾಗಿದ ಜಾಗವನ್ನು ಪಂಚೆಯ ತುದಿಯಿಂದ ಒರೆಸಿದರು.

ನಿನ್ನೆ ಅದೇ ಸಾಲಿನಲ್ಲಿ ನನ್ನ ಮುಂದೆ ಧನಿಗಳ ಮಗ ನಿಂತಿದ್ದ. ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಲು ಪೊಲೀಸರು ಹೇಳಿದರೆ, ಬೆಳ್ಳಿಯ ರಿವಾಲ್ವರ್ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಒಳಗೆಲ್ಲ ತುಕ್ಕು.

"ಅಕ್ಕ, ಸ್ವಲ್ಪ ಎಣ್ಣೆ ಉಂಟಾ?" ಎಂದು ನನ್ನ ಕಡೆ ತಿರುಗಿದ.

"ಎಣ್ಣೆ ಎಂತಕ್ಕೆ ಮಾರಾಯ? ಗುಜರಿಗೆ ಹಾಕು," ಎಂದೆ, ಸಾಲಿನ ಕೊನೆಯವರಿಗೂ ಕೇಳುವಷ್ಟು ಜೋರಾಗಿ.

ಎಣ್ಣೆಯ ಬಾಟಲಿ ನನ್ನ ಚೀಲದಲ್ಲೇ ಇತ್ತು.