ಕೊನೆಯಲ್ಲೊಂದು ಖಾಲಿ ಜಾಗ

ಆಫೀಸಿನಲ್ಲಿ ಅವಳಿಗೆ ಜರಡಿ ಎಂದು ಹೆಸರು ಬಿದ್ದಿತ್ತು. ವೆಬ್ ಫಾರಂಗಳಲ್ಲಿ ಜನ ತುಂಬುವ ಇಮೇಲ್ ವಿಳಾಸ ಸರಿಯೋ ತಪ್ಪೋ ಎಂದು ನೋಡುವ ಜಾವಾಸ್ಕ್ರಿಪ್ಟ್ ಬರೆಯುವುದು ಅವಳ ಕೆಲಸ. ಅಟ್ ಚಿಹ್ನೆ ಇಲ್ಲವೇ, ಹೊರಗೆ. ಚುಕ್ಕೆಯ ಮುಂದೆ ಏನೂ ಇಲ್ಲವೇ, ಹೊರಗೆ. ಇವಳ ಜರಡಿ ದಾಟಿ ಒಂದು ಕಲ್ಲೂ ಬಂದದ್ದಿಲ್ಲ ಎಂದು ಮೇಲಿನವರೂ ಹೊಗಳುತ್ತಿದ್ದರು.

ಈ ವಾರ ಮನೆಯಿಂದಲೇ ಕೆಲಸ. ಎಂದರೆ ಊಟದ ಮೇಜಿನ ಒಂದು ಮೂಲೆ. ಉಳಿದ ಕಡೆ ಮಡಚದ ಬಟ್ಟೆ, ಮಕ್ಕಳ ಪುಸ್ತಕ, ಹೆಚ್ಚಬೇಕಾದ ತರಕಾರಿ. ಅವಳು ಕೂತಿದ್ದಾಳೆಂದರೆ ಕೈ ಖಾಲಿ ಇದೆ ಎಂದೇ ಮನೆಯವರ ಎಣಿಕೆ. ಹಾಗೆ ತಿಳಿಯದವಳು ಓರಗಿತ್ತಿ ಒಬ್ಬಳೇ. ಇವಳ ಬಾಯಲ್ಲಿ ಅವಳು ಅಕ್ಕ.

ಬೆಳಗಿನಿಂದ ಅಕ್ಕನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಪಾತ್ರೆಗೆ ಕೈ ಹಾಕುವಳು, ಒರೆಸಿಕೊಂಡು ಫೋನ್ ಹಿಡಿಯುವಳು, ತುಟಿ ಕಚ್ಚಿ ಕೆಳಗಿಡುವಳು, ಗಡಿಯಾರ ನೋಡುವಳು. ಮೂರೂವರೆಗೆ ಜರಡಿಯೇ ತಡೆಯಲಾರದೆ ಕೇಳಿದಳು. ಏನಿಲ್ಲ ಎನ್ನುತ್ತಲೇ ಅಕ್ಕ ಬಾಯಿಬಿಟ್ಟಳು. ಆಸ್ಪತ್ರೆಯ ಲ್ಯಾಬ್ ಸಹಾಯಕಿಯರ ತರಬೇತಿಗೆ ಅರ್ಜಿ. ಐದು ಗಂಟೆಗೆ ಮುಚ್ಚುತ್ತದೆ. ಇಷ್ಟು ವರ್ಷ ಗ್ಯಾಸಿಗೂ ಶಾಲೆಗೂ ಭಾವನ ಇಮೇಲೇ ನಡೆದಿತ್ತು. ಹೋದ ವಾರ ಯಾರಿಗೂ ಹೇಳದೆ ತನ್ನದೇ ಒಂದು ಮಾಡಿಕೊಂಡಿದ್ದಳು.

"ಮೂರು ದಿನದಿಂದ ವಿಳಾಸ ತಪ್ಪು ಅಂತಿದೆ. ಹತ್ತನೇ ಕ್ಲಾಸಿಗೇ ಓದು ಬಿಟ್ಟೋಳು, ನನಗೇ ಬರ್ತಿಲ್ಲ ಬಿಡು."

"ನನ್ನ ಕೇಳಬಾರದಿತ್ತಾ ಅಕ್ಕಾ?"

"ನೀನು ಕೆಲಸದಲ್ಲಿದ್ಯಲ್ಲೇ."

ಸೋಫಾದಿಂದ ಭಾವ, ತನ್ನ ಇಮೇಲ್ ಹಾಕಿದ್ದರೆ ಯಾವಾಗಲೋ ಮುಗಿಯುತ್ತಿತ್ತು, ಇದೇನು ಹಠವೋ ಎಂದ.

"ನಿಮ್ಮದು ಹಾಕಿದ್ರೆ ನಿಮ್ಮನ್ನೇ ಕರೀತಾರೆ," ಎಂದಳು ಅಕ್ಕ. "ಕುಡಿದ ಲೋಟ ತೊಳೆಯದೋರು, ಅಲ್ಲಿ ಸೀಸೆ ತೊಳೀತೀರಾ?"

ಫೋನ್ ಕೈಗೆ ತೆಗೆದುಕೊಂಡ ಜರಡಿ ನೋಡಿದ ಕೂಡಲೇ ಗುರುತು ಹಿಡಿದಳು. ಎರಡು ತಿಂಗಳ ಹಿಂದೆ ತಾನೇ ಬರೆದ ಫಾರಂ. ವಿಳಾಸವನ್ನು ಅಕ್ಷರ ಅಕ್ಷರ ಓದಿದಳು, ತಪ್ಪಿಲ್ಲ. ತುದಿಯಲ್ಲಿ ಬೆರಳಿಟ್ಟಾಗ ಕರ್ಸರಿನ ಗೆರೆ ಕೊನೆಯ ಅಕ್ಷರಕ್ಕೆ ಅಂಟದೆ ಕೂದಲೆಳೆ ಆಚೆ ಮಿಣುಕಿತು. ಅಕ್ಕ ಎರಡಕ್ಷರ ಒತ್ತುವುದರೊಳಗೆ ಫೋನೇ ಪೂರಾ ವಿಳಾಸ ಮುಂದಿಡುತ್ತಿತ್ತು, ಜೊತೆಗೆ ಕೊನೆಯಲ್ಲೊಂದು ಖಾಲಿ ಜಾಗ. ಜರಡಿ ಅದನ್ನೂ ತಪ್ಪೆಂದು ಬರೆದಿದ್ದಳು. ಪರೀಕ್ಷೆ ಮಾಡುವಾಗಲೆಲ್ಲ ತಾನು ಲ್ಯಾಪ್‌ಟಾಪಿನಲ್ಲಿ ಅಕ್ಷರ ಅಕ್ಷರ ಒತ್ತಿದವಳು. ಒಂದು ಕೈಯಲ್ಲಿ ಸೌಟು ಹಿಡಿದು ಒತ್ತಿದವಳಲ್ಲ.

ಖಾಲಿ ಜಾಗ ಅಳಿಸಿದಳು. ಅರ್ಜಿ ಹೋಯಿತು. ಅಕ್ಕ ನಂಬದೆ ಎರಡು ಸಲ ಓದಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಜರಡಿಗೆ ಕೂರಲಾಗಲಿಲ್ಲ. ತುದಿಯ ಖಾಲಿ ಜಾಗವನ್ನು ತಾನಾಗಿ ಕತ್ತರಿಸುವ ಒಂದು ಪದವನ್ನು ಫಾರಂನ ಕೋಡಿಗೆ ಸೇರಿಸಿ ಕಳಿಸಿದಳು. ಆಮೇಲೆ, ಹೀಗೆ ವಾಪಸು ಹೋದವರು ಎಷ್ಟು ಮಂದಿ ಎಂದು ಹುಡುಕಿದಳು. ಎಲ್ಲೂ ದಾಖಲೆಯೇ ಇಲ್ಲ. ಅವರವರ ಫೋನಿನಲ್ಲೇ ನಿಂತದ್ದು ಆಫೀಸಿನ ಬಾಗಿಲಿಗೂ ಬಂದಿರಲಿಲ್ಲ. ನಾಲ್ಕೂಕಾಲು. ಮೇಲಿನವರಿಗೆ ಫೋನ್ ಮಾಡಿ, ಅರ್ಜಿಯ ಕೊನೆಯ ದಿನವನ್ನು ಒಂದು ವಾರ ಮುಂದೆ ಹಾಕಲು ಆಸ್ಪತ್ರೆಯವರಿಗೆ ಹೇಳಿ ಎಂದು ಕೇಳಿಕೊಂಡಳು.

"ಯಾರಾದ್ರೂ ದೂರು ಕೊಟ್ಟಿದ್ದಾರೇನಮ್ಮ?"

"ದೂರಿನ ಫಾರಂನಲ್ಲೂ ಇಮೇಲ್ ಕೇಳ್ತೀವಿ ಸಾರ್. ಅದನ್ನೂ ನಾನೇ ಬರೆದಿದ್ದು."